ಕೋಲಾರದ ಹಳೆಯ ಕಾಲದ ಪ್ರೇಮಚಿತ್ರಕ್ಕೆ ಬೆಂಕಿ, ನೀರು ಮತ್ತು ನಿಧಾನ ಗತಿ

ಕೋಲಾರದ ಹಿನ್ನೆಲೆಯಲ್ಲಿ ಹಳೆಯ ಕಾಲದ ಪ್ರೇಮಕಥೆಯನ್ನು ಚಿತ್ರೀಕರಿಸಲು ಹೊರಟವರು ಮೊದಲು ಕಥೆಯ ಇಸವಿಯನ್ನು ನಿಶ್ಚಯಿಸಿಕೊಳ್ಳಬೇಕು. ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಚಿನ್ನದ ಗಣಿಗಳಿಗೆ ತಲುಪಿತು. ಸುತ್ತಲಿನ ಹಳ್ಳಿಗಳು ಆಮೇಲೂ ಬಹುಕಾಲ ದೀಪದ ಬೆಳಕಿನಲ್ಲೇ ಉಳಿದವು. ನಾಯಕ ಗಣಿಯವನು, ನಾಯಕಿ ಹಳ್ಳಿಯವಳು ಎಂದಾದರೆ ಈ ಎರಡು ಬೆಳಕುಗಳ ಅಂತರವೇ ಅವರಿಬ್ಬರ ನಡುವಿನ ದೂರವನ್ನು ಹೇಳಬಲ್ಲದು.

ಸಂಕೇತಕ್ಕೆಂದು ಪಂಚಭೂತಗಳೆಲ್ಲವನ್ನೂ ತುರುಕಬೇಡಿ. ದೀಪದ ಬೆಂಕಿಯ ಜೊತೆಗೆ ನೀರೊಂದಿದ್ದರೆ ಸಾಕು. ವರ್ಷವಿಡೀ ಹರಿಯುವ ನದಿಯಿಲ್ಲದ ಈ ಕೆರೆಗಳ ಸೀಮೆಯಲ್ಲಿ ನೀರಿಗಾಗಿ ಕಾಯುವುದು ಬದುಕಿನ ಭಾಗವೇ ಆಗಿರುವುದರಿಂದ, ಆರಂಭದಲ್ಲಿ ಬಿರುಕುಬಿಟ್ಟ ಕೆರೆಯಂಗಳವನ್ನೂ ಮನಸ್ಸುಗಳು ಕೂಡಿದ ಮೇಲೆ ಕೋಡಿ ಹರಿಯುವುದನ್ನೂ ತೋರಿಸಿದರೆ ಸಂಕೇತ ತಾನಾಗಿಯೇ ಹುಟ್ಟುತ್ತದೆ. ಅದನ್ನು ಸಂಭಾಷಣೆಯಲ್ಲಿ ವಿವರಿಸಿದರೆ ಸತ್ತುಹೋಗುತ್ತದೆ.

ನಿಧಾನ ಗತಿಯನ್ನು ಸ್ಲೋ ಮೋಷನ್‌ನಿಂದ ತರಲಾಗದು, ಅದಕ್ಕೆ ದೀರ್ಘ ಶಾಟ್‌ನೊಳಗೆ ಒಂದು ಕೆಲಸ ನಡೆಯುತ್ತಿರಬೇಕು. ನಾಯಕಿ ಲಾಟೀನಿನ ಗಾಜನ್ನು ಬೂದಿಯಿಂದ ಉಜ್ಜಿ, ಬತ್ತಿಯ ಕರಕಲನ್ನು ಕತ್ತರಿಸಿ, ಕಡ್ಡಿ ಗೀರಿ, ಗಾಜನ್ನು ಇಳಿಸುವವರೆಗೂ ಕ್ಯಾಮೆರಾ ಕದಲದಿರಲಿ. ಬೆಳಕು ಹರಡಿದಾಗ ಬಾಗಿಲಲ್ಲಿ ಅವನು ನಿಂತಿರುವುದು ಅವಳಿಗಿಂತ ಮೊದಲು ಪ್ರೇಕ್ಷಕನಿಗೆ ಕಾಣಲಿ. ಇಲ್ಲಿ ಹಿನ್ನೆಲೆ ಸಂಗೀತ ಖಂಡಿತ ಬೇಡ, ಗಾಜಿನ ಸದ್ದು ಸಾಕು. ಇಂಥ ಎರಡು ದೀರ್ಘ ಶಾಟ್‌ಗಳ ನಡುವೆ ಸಂತೆಯದೋ ಗಣಿಯ ಸೈರನ್ನಿನದೋ ಚುರುಕಾದ ದೃಶ್ಯವೊಂದನ್ನು ಸಂಕಲನದಲ್ಲಿ ಸೇರಿಸಿ, ಇಲ್ಲವಾದರೆ ಪ್ರೇಕ್ಷಕನ ಗಮನ ಸಡಿಲವಾಗುತ್ತದೆ.