ದವನ ಬೆಳೆಯೋದು ಹೇಗೆ? ಯೂರಿಯಾ ಯಾವಾಗ ನಿಲ್ಲಿಸಬೇಕು?

ತಮಿಳುನಾಡಿನ ಹೊಸೂರು ಸಂತೆಯಲ್ಲಿ ಈ ಘಮದ ಗಿಡಕ್ಕೆ ಮರಿಕೊಳುಂದು ಅಂತಾರೆ. ಡೆಂಕಣಿಕೋಟೆ ಕಡೆಯ ನಮ್ಮ ಕನ್ನಡದ ಮನೆಗಳಲ್ಲಿ ಅದು ದವನವೇ. ಕನಕಾಂಬರದ ಜೊತೆ ಕಟ್ಟಲು ಎರಡು ಎಸಳು, ದವನದ ಹುಣ್ಣಿಮೆಗೆ ದೇವರಿಗೆ ಒಂದು ಹಿಡಿ. ಐದಾರು ಸೆಂಟು ಕೆಂಪು ಮಣ್ಣಿದ್ದರೆ ನೀವೂ ಬೆಳೆಯಬಹುದು. ಬುಡದಲ್ಲಿ ನೀರು ಮಾತ್ರ ನಿಲ್ಲಬಾರದು.

ಬೀಜ, ಸಸಿ

ಹಳೆಯ ಬೀಜ ತರಬೇಡಿ. ದವನದ ಬೀಜಕ್ಕೆ ಆಯಸ್ಸು ಕಡಿಮೆ, ಒಂದು ವರ್ಷ ದಾಟಿದರೆ ಮೊಳೆಯುವುದೇ ಅನುಮಾನ. ಬೀಜ ಧೂಳಿನಷ್ಟು ಸಣ್ಣದು. ಎರಡು ದಿನ ನೆನೆಸಿ, ಬಟ್ಟೆಯಲ್ಲಿ ಕಟ್ಟಿಟ್ಟು, ನಯವಾದ ಮರಳಿನ ಜೊತೆ ಬೆರೆಸಿ ಮಡಿಯಲ್ಲಿ ಚೆಲ್ಲಿ. ಇರುವೆ ಹೊತ್ತೊಯ್ಯುತ್ತದೆ, ಒಂದು ಕಣ್ಣು ಇಟ್ಟಿರಿ. ಸೆಪ್ಟೆಂಬರ್ ಕೊನೆಗೆ ಚೆಲ್ಲಿದರೆ ನವೆಂಬರ್ ಎರಡನೇ ವಾರಕ್ಕೆ ಸಸಿ ಸಿದ್ಧ. ಸಾಲಿಗೂ ಸಾಲಿಗೂ ಒಂದು ಚೋಟು, ಅಂದರೆ 15 ಸೆಂ.ಮೀ. ಗಿಡಕ್ಕೂ ಗಿಡಕ್ಕೂ ಅದರ ಅರ್ಧ. ತಡವಾಗಿ ನೆಟ್ಟರೆ ಗಿಡ ಮೈತುಂಬುವ ಮೊದಲೇ ಬಿಸಿಲು ಏರುತ್ತದೆ, ಕುಳ್ಳಗಿರುವಾಗಲೇ ಹೂವು ಬಂದುಬಿಡುತ್ತದೆ.

ಗೊಬ್ಬರದ ಲೆಕ್ಕ

ನೆಡುವ ಮೊದಲು ಸೆಂಟಿಗೆ 25 ಕಿಲೊ ಕಳಿತ ಕೊಟ್ಟಿಗೆ ಗೊಬ್ಬರ, 1 ಕಿಲೊ ಸೂಪರ್ ಫಾಸ್ಫೇಟ್, ಕಾಲು ಕಿಲೊ ಪೊಟ್ಯಾಷ್ ಮಣ್ಣಿಗೆ ಸೇರಿಸಿ. ಇಡೀ ಬೆಳೆಗೆ ಬೇಕಾದ ಯೂರಿಯಾ ಸೆಂಟಿಗೆ ಸುಮಾರು 1 ಕಿಲೊ, ಅಷ್ಟೇ. ಅದನ್ನೂ ಮೂರು ಪಾಲು ಮಾಡಿ: ನೆಟ್ಟ 10, 25, 40ನೇ ದಿನ. ಎಲೆ ಒದ್ದೆಯಿದ್ದಾಗ ಎರಚಬೇಡಿ, ಸುಡುತ್ತದೆ. ಹಾಕಿದ ಮೇಲೆ ನೀರು ಹಾಯಿಸಿ. ಲೆಕ್ಕ ನೋಡಿ: ಡಿಸೆಂಬರ್ ಮುಗಿಯುವ ಹೊತ್ತಿಗೆ ಚೀಲದ ಬಾಯಿ ಕಟ್ಟಬೇಕು.

ನಾನು ಕಟ್ಟಲಿಲ್ಲ. ಮೊದಲ ವರ್ಷ ಫೆಬ್ರವರಿಯಲ್ಲಿ ಬುಡದ ಎಲೆ ಹಳದಿಯಾಗಿದ್ದು ಕಂಡು ಗಾಬರಿಯಾಗಿ ಇನ್ನೊಂದು ಸುತ್ತು ಎರಚಿದೆ. ಗಿಡ ಕೊಬ್ಬಿ ಬಾಗಿತು. ನೋಡೋಕೆ ಚೆಂದ, ಹೂವು ಮಾತ್ರ ತಡ. ದವನದಿಂದ ಘಮದ ಎಣ್ಣೆ ತೆಗೆಯುವವರು ಬಂದು ಒಂದು ಎಸಳು ಅಂಗೈಯಲ್ಲಿ ಉಜ್ಜಿ ಮೂಸಿದರು. "ಸೊಪ್ಪಿನ ವಾಸನೆ ಕಣ್ರೀ" ಅಂದು ಹೊರಟೇ ಹೋದರು. ಬುಡದ ನಾಲ್ಕು ಎಲೆ ಹಳದಿಯಾಗುವುದು ವಯಸ್ಸಿನಿಂದಲೂ ಇರಬಹುದು ಅಲ್ವಾ? ಅದು ಆಗ ಹೊಳೆಯಲಿಲ್ಲ.

ಹೂವು ನೋಡಿ ಕೊಯ್ಯಿರಿ

ದವನ ಸೇವಂತಿಗೆಯ ಬಳಗದ್ದು. ಎಲೆ ಬೂದುಬಣ್ಣ, ಸಣ್ಣಗೆ ಸೀಳಿದ ಹಾಗಿರುತ್ತದೆ. ಮೊಗ್ಗು ಒಗ್ಗರಣೆ ಸಾಸಿವೆಗಿಂತ ಸ್ವಲ್ಪ ದಪ್ಪ. ರೆಂಬೆಯ ಉದ್ದಕ್ಕೂ, ಎಲೆಯ ಸಂದಿಯಲ್ಲಿ ತಲೆತಗ್ಗಿಸಿ ಕೂತಿರುತ್ತದೆ. ಅರಳಿದಾಗ ಹಳದಿ. ನಮಗೆ ಒಂದು ಹೂವಿನಂತೆ ಕಾಣುವುದು ಹತ್ತಾರು ಪುಟಾಣಿ ಹೂಗಳ ಗುಂಪು. ಎಣ್ಣೆ ಜಾಸ್ತಿ ಇರುವುದು ಈ ಗುಂಪುಗಳಲ್ಲೇ, ಎಲೆಯಲ್ಲಿ ಕಡಿಮೆ.

ಹೂಮಾಲೆಗಾದರೆ ಮೊಗ್ಗು ಬಿರಿಯುವ ಮೊದಲೇ ಚಿವುಟಿ. ಎಣ್ಣೆಗೆ ಕೊಡುವುದಾದರೆ ಹೊಲದ ಅರ್ಧ ಗಿಡ ಅರಳುವವರೆಗೆ ಕಾಯಿರಿ. ನಮ್ಮಲ್ಲಿ ಅದು ಫೆಬ್ರವರಿ ಕೊನೆ, ಮಾರ್ಚ್ ಮೊದಲ ವಾರ. ಮೋಡ ಕವಿದರೆ ಕಾಯಬೇಡಿ, ಅರಳಿದ ಹೂವಿಗೆ ಮಳೆ ಬಿದ್ದರೆ ಘಮ ಹೋಗುತ್ತದೆ. ಇಬ್ಬನಿ ಆರಿದ ಮೇಲೆ ಬುಡದಿಂದ ನಾಲ್ಕು ಬೆರಳು ಬಿಟ್ಟು ಕುಡುಗೋಲು ಹಾಕಿ. ನೆರಳಿನಲ್ಲಿ ಹರಡಿ, ರಾಶಿ ಹಾಕಬೇಡಿ.

ಕೊಯ್ದು ಉಳಿದ ಬುಡ, ಅಂದರೆ ಕೂಳೆ, ಮತ್ತೆ ಚಿಗುರುತ್ತದೆ. ಇಳುವರಿ ನಂಬಬೇಡಿ, ದವನದ ಹುಣ್ಣಿಮೆಗೆ ಮನೆದೇವರಿಗೆ ಆದೀತು. ಕೊಯ್ಯುವಾಗ ಗಟ್ಟಿಮುಟ್ಟಾದ ಹತ್ತಿಪ್ಪತ್ತು ಗಿಡಕ್ಕೆ ದಾರ ಕಟ್ಟಿ ಹಾಗೇ ಬಿಡಿ. ಹೂವು ಒಣಗಿ ಕಂದಾದಾಗ ಗಿಡ ಕತ್ತರಿಸಿ, ಗಾಳಿಯಿಲ್ಲದ ಕೋಣೆಯಲ್ಲಿ ಹಳೇ ಪಂಚೆಯ ಮೇಲೆ ಬಡಿಯಿರಿ. ಅಂಗಳದಲ್ಲಿ ಬಡಿದರೆ ಮುಂದಿನ ವರ್ಷದ ಬೀಜ ಪಕ್ಕದವರ ಹೊಲಕ್ಕೆ.