ಸೂಳೆಕೆರೆಯಲ್ಲಿ ಮೂರು ದಿನ ಗಾಳ ಹಾಕಬೇಕಾ? ಮೊದಲು ಒಲೆ ಹುಡುಕಿ

ಮೀನು ಸಿಗಲಿಲ್ಲ ಅಂದರೆ ಬೇಜಾರಿಲ್ಲ, ನಾಳೆ ಸಿಗುತ್ತದೆ. ಸಿಕ್ಕ ಮೀನು ಬೇಯಿಸೋಕೆ ಜಾಗ ಇಲ್ಲ ಅಂದರೆ ಮಾತ್ರ ಇಡೀ ರಜೆ ಹಾಳು. ಇದು ನನಗೆ ಗೊತ್ತಾಗಿದ್ದು ಚನ್ನಗಿರಿ ಕಡೆಯ ಒಂದು ಮನೆಯ ಬಾಗಿಲಲ್ಲಿ, ಕೈಯಲ್ಲಿ ಎರಡು ಗೆಂಡೆ ಮೀನು ಹಿಡಿದು ನಿಂತಾಗ. ಎರಡು ದಿನಕ್ಕೆ ಬಾಡಿಗೆಗೆ ಹಿಡಿದ ಮನೆ. ಗ್ಯಾಸ್ ಇದೆಯಾ, ಪಾತ್ರೆ ಇದೆಯಾ, ಬಿಸಿನೀರು ಬರುತ್ತದಾ ಅಂತ ಎಲ್ಲ ಕೇಳಿದ್ದೆ, ಮುಖ್ಯವಾದದ್ದು ಬಿಟ್ಟು. ಮನೆಯ ಅಕ್ಕ ಹೊರಗೆ ಬಂದರು, ಮೀನು ನೋಡಿದರು, ನನ್ನ ಮುಖ ನೋಡಿದರು. "ಅಣ್ಣಾ, ಅದು ಒಳಗ ಬರಂಗಿಲ್ಲ ನೋಡ್ರಿ" ಅಂದರು. ಸಿಟ್ಟೇನೂ ಇರಲಿಲ್ಲ, ತಪ್ಪು ನನ್ನದೇ. ಮೀನು ಆಚೆ ಕೇರಿಯವರ ಸಾರಿಗೆ ಹೋಯಿತು, ನಾವು ಮಂಡಕ್ಕಿ ಮಿರ್ಚಿ ತಿಂದು ಮಲಗಿದೆವು.

ದಾವಣಗೆರೆ ಸೀಮೆಯಲ್ಲಿ ಮೀನು, ಮಾಂಸ ಮುಟ್ಟದ ಮನೆಗಳು ಜಾಸ್ತಿ ಅಲ್ವಾ. "ಅಡುಗೆ ಮಾಡ್ಕೋಬಹುದು" ಅಂದರೆ ಅನ್ನ, ಸಾರು, ಉಪ್ಪಿಟ್ಟು ಅಂತ ಅರ್ಥ, ಅದರಲ್ಲಿ ಮೀನು ಸೇರಿರುವುದಿಲ್ಲ. ಹಾಗಾಗಿ ಫೋನಿನಲ್ಲೇ ನೇರ ಕೇಳಿ: ಮೀನು ಒಳಗೆ ತರಬಹುದಾ, ಇಲ್ಲ ಹಿತ್ತಲಲ್ಲಿ ಮೂರು ಕಲ್ಲಿಟ್ಟು ಮಾಡಿಕೊಳ್ಳಲಾ? ಚನ್ನಗಿರಿ ಸುತ್ತಮುತ್ತ ಅಡಿಕೆ ತೋಟದ ಮನೆಗಳಲ್ಲಿ ಹೊರಗಡೆ ಸೌದೆ ಒಲೆ, ನೀರಿನ ತೊಟ್ಟಿ ಇರುತ್ತವೆ. ಅಂಥದ್ದು ಸಿಕ್ಕರೆ ಹೆಚ್ಚು ಚೌಕಾಸಿ ಮಾಡದೆ ಹಿಡಿದುಬಿಡಿ. ಬಾಣಲೆ, ಬೋಗುಣಿ, ಚಾಕು ನಿಮ್ಮದೇ ಇರಲಿ. ಸರ್ಕಾರಿ ಪ್ರವಾಸಿ ಮಂದಿರ ಅಗ್ಗ, ಆದರೆ ಸಾಹೇಬರು ಬಂದರೆ ನಿಮ್ಮ ರೂಮು ಹೋಯಿತು ಅಂತಲೇ ಲೆಕ್ಕ. ದಾವಣಗೆರೆಯಲ್ಲಿ ಲಾಡ್ಜ್ ಮಾಡಿದರೆ ಬೆಳಿಗ್ಗೆ ಬೆಣ್ಣೆ ದೋಸೆ ಸಿಗುತ್ತದೆ, ಮೀನು ಸಿಗುವುದಿಲ್ಲ, ಯಾಕೆಂದರೆ ದೋಸೆ ತಿಂದು ಕೆರೆ ಮುಟ್ಟುವಷ್ಟರಲ್ಲಿ ಬಿಸಿಲು ಏರಿರುತ್ತದೆ.

ಒಲೆ ಆಯಿತು, ಈಗ ನೀರು. ಸೂಳೆಕೆರೆ, ಅಂದರೆ ಚನ್ನಗಿರಿ ಹತ್ತಿರದ ಶಾಂತಿಸಾಗರ, ಎರಡು ಗುಡ್ಡಗಳ ನಡುವಿನ ಕಿರಿದಾದ ಸಂದಿಗೆ ಏರಿ ಹಾಕಿ ಮಾಡಿದ ಕೆರೆ. ಏರಿಯನ್ನು ನೋಡಿದರೆ ಇಷ್ಟೇನಾ ಅನಿಸುತ್ತದೆ, ಹಿಂದೆ ತಿರುಗಿದರೆ ಆಚೆ ದಡವೇ ಕಾಣುವುದಿಲ್ಲ. ಹೊಸಬರು ಏರಿಯ ಮೇಲೇ ಕೂರುತ್ತಾರೆ. ಅಲ್ಲಿ ಆಳ ಜಾಸ್ತಿ, ಗಾಳಿ ಜಾಸ್ತಿ, ಸೆಲ್ಫಿಯವರೂ ಜಾಸ್ತಿ. ಹಿನ್ನೀರಿನ ಕಡೆ, ಹುಲ್ಲು ಅರ್ಧ ಮುಳುಗಿರುವ ಅಂಚಿಗೆ ಹೋಗಿ. ಮಳೆಗಾಲ ಮುಗಿದು ಕೆರೆ ತುಂಬಿರುವ ಅಕ್ಟೋಬರ್, ನವೆಂಬರಿನಲ್ಲಿ ಮೀನು ಮೇಯೋಕೆ ಅಲ್ಲಿಗೇ ಬರುತ್ತದೆ. ಬೇಸಿಗೆಯಲ್ಲಿ ನೀರು ಹಿಂದೆ ಸರಿದು ಹೂಳು ಬಿಟ್ಟಿರುತ್ತದೆ. ಮೇಲೆ ಒಣಗಿ ಬಿರುಕು ಬಿಟ್ಟಂತೆ ಕಾಣುತ್ತದೆ, ಕಾಲಿಟ್ಟರೆ ಮೊಣಕಾಲವರೆಗೆ ಇಳಿಯುತ್ತದೆ. ಕೋಲಿನಿಂದ ಒತ್ತಿ ನೋಡದೆ ಹೆಜ್ಜೆ ಇಡಬೇಡಿ.

ಯಾರನ್ನೂ ಕೇಳದೆ ಗಾಳ ಎಸೆಯಬೇಡಿ. ಕಾಟ್ಲಾ, ರೋಹು, ಮೃಗಾಲ್ ಅನ್ನೋ ಗೆಂಡೆ ಜಾತಿಯ ಮೀನುಗಳು ನಿಂತ ನೀರಿನಲ್ಲಿ ಮರಿ ಮಾಡುವುದಿಲ್ಲ, ಮಳೆಗಾಲದಲ್ಲಿ ಹರಿಯುವ ಹೊಳೆಯೇ ಬೇಕು. ಅಂದರೆ ಕೆರೆಯಲ್ಲಿರುವ ಆ ಮೀನನ್ನು ಯಾರೋ ದುಡ್ಡು ಕೊಟ್ಟು ಮರಿ ತಂದು ಬಿಟ್ಟಿದ್ದಾರೆ. ದೊಡ್ಡ ಕೆರೆಗಳು ಮೀನುಗಾರಿಕೆ ಇಲಾಖೆಯ ಕೈಯಲ್ಲಿ, ಸಣ್ಣವು ಗ್ರಾಮ ಪಂಚಾಯಿತಿ ಕೈಯಲ್ಲಿರುತ್ತವೆ, ಅಲ್ಲಿಂದ ಮೀನುಗಾರರ ಸಂಘಕ್ಕೋ ಗುತ್ತಿಗೆದಾರರಿಗೋ ಹೋಗಿರುತ್ತವೆ. ಬೆಳಿಗ್ಗೆ ಬಲೆ ಎತ್ತಿ ಬರುವವರನ್ನು ಮಾತಾಡಿಸಿದರೆ ಯಾರನ್ನು ಕೇಳಬೇಕು ಅಂತ ಹೇಳುತ್ತಾರೆ. ನನ್ನ ಅನುಭವದಲ್ಲಿ, ಗಾಳದವರು ಅಂದರೆ ಅವರಿಗೆ ಸಿಟ್ಟಿಲ್ಲ, ಕದ್ದು ಬಲೆ ಬಿಡುವವರು ಅಂದರೆ ಸಿಟ್ಟು. ಎಷ್ಟು ಕೊಡಬೇಕು, ಎಷ್ಟು ಮೀನು ಒಯ್ಯಬಹುದು ಅಂತ ಮೊದಲೇ ಮಾತಾಡಿಕೊಳ್ಳಿ.

ಇಂಗ್ಲೆಂಡಿನಲ್ಲೂ ಇಂಥ ರಜೆ ಇದೆ, ಕೋರ್ಸ್ ಫಿಶಿಂಗ್ ಅಂತಾರೆ. ಸಾಲ್ಮನ್, ಟ್ರೌಟ್ ಬಿಟ್ಟು ಉಳಿದ ಸಿಹಿನೀರಿನ ಮೀನಿಗೆ ಗಾಳ ಹಾಕುವುದು. ಅಲ್ಲಿ ರಾಡಿಗೂ ಲೈಸೆನ್ಸ್ ಬೇಕು, ಮಾರ್ಚ್ 15ರಿಂದ ಜೂನ್ 15ರವರೆಗೆ ನದಿಯಲ್ಲಿ ಹಿಡಿಯುವಂತಿಲ್ಲ, ಹಿಡಿದದ್ದನ್ನೂ ಹೆಚ್ಚಿನವರು ಫೋಟೋ ತೆಗೆದು ವಾಪಸ್ ಬಿಡುತ್ತಾರೆ. ವಾಪಸ್ ಬಿಡೋಕೆ ಇಷ್ಟು ದೂರ ಬಂದೆಯಾ ಅಂತ ನಮ್ಮ ಮಾವ ಕೇಳುತ್ತಿದ್ದರು.

ಸಾಮಾನಿಗೆ ಜಾಸ್ತಿ ಖರ್ಚು ಬೇಡ. ರೀಲ್ ಇದ್ದರೆ ಸರಿ, ಇಲ್ಲದಿದ್ದರೆ ಉದ್ದನೆಯ ಬಿದಿರು ಕಡ್ಡಿ, ತಂಗೂಸಿ ದಾರ, ಸಣ್ಣ ಗಾಳ ನಾಲ್ಕೈದು, ಸೀಸದ ಗುಂಡು. ದಾರಕ್ಕೆ ಕಟ್ಟಿ ನೀರಿನ ಮೇಲೆ ತೇಲಿಸುವ ಬೆಂಡಿಗೆ ಹಳೇ ಹವಾಯಿ ಚಪ್ಪಲಿ ಕೊಯ್ದರೆ ಸಾಕು. ದಾರದ ಉದ್ದ ಮಾತ್ರ ಸರಿ ಮಾಡಿಕೊಳ್ಳಬೇಕು. ಬೆಂಡು ನೀರಿನ ಮೇಲೆ ಅಡ್ಡ ಮಲಗಿದರೆ ಸೀಸ ತಳ ಮುಟ್ಟಿ ದಾರ ಸಡಿಲ ಆಗಿದೆ ಅಂತ ಅರ್ಥ. ಬೆಂಡನ್ನು ಗಾಳದ ಕಡೆಗೆ ಗೇಣಷ್ಟು ಸರಿಸಿ ಮತ್ತೆ ಎಸೆಯಿರಿ, ನೆಟ್ಟಗೆ ನಿಲ್ಲುವವರೆಗೆ. ಆಗ ಗಾಳ ತಳದ ಹತ್ತಿರ ಇರುತ್ತದೆ, ಗೆಂಡೆ, ಮೃಗಾಲ್ ಮೇಯುವುದು ಅಲ್ಲೇ.

ಎರೆಹುಳು ಎಲ್ಲದಕ್ಕೂ ಆಗುತ್ತದೆ, ಜಿಲೇಬಿ ಮೀನು, ಅಂದರೆ ತಿಲಾಪಿಯಾ, ಅದಂತೂ ಬಿಡುವುದೇ ಇಲ್ಲ. ದೊಡ್ಡ ಗೆಂಡೆ ಬೇಕಾದರೆ ಹಿಟ್ಟು ಕಲಸಿ. ಎರಡು ಹಿಡಿ ಮೈದಾ, ಒಂದು ಹಿಡಿ ಪುಡಿ ಮಾಡಿದ ಶೇಂಗಾ ಹಿಂಡಿ, ನೀರು ಚಿಮುಕಿಸಿ ಚಪಾತಿ ಹಿಟ್ಟಿಗಿಂತ ಗಟ್ಟಿಯಾಗಿ ನಾದಿ, ನಾದುವಾಗ ಚೂರು ಹತ್ತಿ ಎಳೆ ಎಳೆಯಾಗಿ ಬಿಡಿಸಿ ಸೇರಿಸಿ. ಹತ್ತಿ ಇಲ್ಲದಿದ್ದರೆ ಉಂಡೆ ನೀರಿಗೆ ಬಿದ್ದು ಐದು ನಿಮಿಷಕ್ಕೆ ಕರಗಿ, ನೀವು ಬರೀ ಗಾಳ ಹಾಕಿಕೊಂಡು ಮಧ್ಯಾಹ್ನದವರೆಗೆ ಕೂತಿರುತ್ತೀರಿ. ಉಳಿದ ಹಿಂಡಿಗೆ ತೌಡು ಬೆರೆಸಿ ಬೆಂಡಿನ ಸುತ್ತ ಒಂದೊಂದೇ ಹಿಡಿ ಎಸೆಯಿರಿ.

ಆಮೇಲೆ ಸುಮ್ನೆ ಕೂರಬೇಕು. ಬೆಂಡು ಟಕ್ ಟಕ್ ಅಂತ ಕುಣಿದರೆ ಜಿಲೇಬಿ ಮರಿಯೋ ಪಕ್ಕೆ ಅನ್ನೋ ಸಣ್ಣ ಮೀನೋ ಕೆದಕುತ್ತಿದೆ, ಎಳೆಯಬೇಡಿ. ನಿಧಾನಕ್ಕೆ ಒಂದು ಕಡೆ ಸರಿಯುತ್ತಾ ಮುಳುಗಿತು ಅಂದರೆ ಎಳೆಯಿರಿ. ನೆಟ್ಟಗಿದ್ದ ಬೆಂಡು ಇದ್ದಕ್ಕಿದ್ದಂತೆ ಮೇಲೆದ್ದು ಮಲಗಿದರೂ ಎಳೆಯಿರಿ, ತಳದ ಮೀನು ಉಂಡೆ ಬಾಯಿಗಿಟ್ಟು ತಲೆ ಎತ್ತಿದಾಗ ಹಾಗಾಗುತ್ತದೆ. ಹೊಸಬರು ಕಳೆದುಕೊಳ್ಳುವುದು ಇದನ್ನೇ, ಗಾಳಿ ಅಂದುಕೊಂಡು ಬಿಟ್ಟುಬಿಡುತ್ತಾರೆ.

ಜೊಂಡಿನ ಹತ್ತಿರ ನೀರಿನ ಮೇಲೆ ಕೆಂಪಗೆ ಸಣ್ಣ ಮರಿಗಳ ಗುಂಪು ಕುದಿಯುತ್ತಿರುವಂತೆ ಕಂಡರೆ ಅದು ಕೊರವ ಮೀನಿನ ಸಂಸಾರ. ಅಪ್ಪ ಅಮ್ಮ ಕೆಳಗೇ ಕಾವಲಿರುತ್ತವೆ, ಕಪ್ಪೆ ಹಾಕಿದರೆ ಹಿಡಿಯುವುದು ಸುಲಭ. ಆದರೆ ಅವುಗಳನ್ನು ಹಿಡಿದರೆ ಮರಿಗಳೆಲ್ಲ ಬೇರೆ ಮೀನಿನ ಹೊಟ್ಟೆಗೆ. ಬಿಟ್ಟು ಮುಂದೆ ಹೋಗಿ.

ಇನ್ನೊಂದು ದಿನ ಬೇರೆ ನೀರು ನೋಡೋಣ ಅಂದರೆ ಹಿರಿಯೂರಿನ ವಾಣಿವಿಲಾಸ ಸಾಗರ ಇದೆ. 1907ರಲ್ಲಿ ಕಟ್ಟಿ ಮುಗಿಸಿದ್ದು, 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಬಿದ್ದದ್ದು 2022ರಲ್ಲಿ. ಡ್ಯಾಮ್ ಹತ್ತಿರ ಬೇಡ, ಹಿನ್ನೀರಿನ ಹಳ್ಳಿಗಳಲ್ಲಿ ಕೇಳಿಕೊಂಡು ಹೋಗಿ. ತುಂಗಭದ್ರೆಗೆ ಹೋದರೆ ನೀರಿಗೆ ಇಳಿಯಬೇಡಿ, ಮೊಸಳೆ ಇವೆ. ಭದ್ರಾ ನಾಲೆಗೆ ನೀರು ಬಿಟ್ಟಾಗ ಅದರ ಇಳಿಜಾರಿನಲ್ಲಿ ಕೂರಲೇಬೇಡಿ. ಪಾಚಿಗೆ ಕಾಲು ಜಾರಿದರೆ ಹಿಡಿಯೋಕೆ ಏನೂ ಸಿಗುವುದಿಲ್ಲ.

ಮೀನು ಸಿಕ್ಕಿತು ಅಂದುಕೊಳ್ಳಿ. ಬೂದಿ ಹಚ್ಚಿ ಹಿಡಿದರೆ ಜಾರುವುದಿಲ್ಲ, ಬಾಲದಿಂದ ತಲೆ ಕಡೆಗೆ ಹುರುಪೆ ಕೆರೆಯಿರಿ. ಕೆರೆ ಗೆಂಡೆಗೆ ಕೆಸರಿನ ವಾಸನೆ ಇರುತ್ತದೆ, ಉಪ್ಪು ಅರಿಶಿನ ಹುಣಸೆರಸ ಹಚ್ಚಿ ಅರ್ಧ ಗಂಟೆ ಇಟ್ಟು ತೊಳೆದರೆ ಬಹಳ ಮಟ್ಟಿಗೆ ಹೋಗುತ್ತದೆ. ಸಣ್ಣ ಮುಳ್ಳು ಜಾಸ್ತಿ, ಅದಕ್ಕೇ ಎರಡೂ ಬದಿಗೆ ಒತ್ತೊತ್ತಾಗಿ ಗೀರು ಹಾಕಿ ಹುರಿಯಿರಿ, ಮುಳ್ಳು ಗರಿಗರಿಯಾಗಿ ಬಾಯಿಗೆ ಗೊತ್ತಾಗುವುದಿಲ್ಲ. ತಲೆ, ಬಾಲ ಸಾರಿಗೆ, ಜೊತೆಗೆ ಮುದ್ದೆ.

ಹೊರಡುವ ಮುಂಚೆ ಕರುಳು, ಹುರುಪೆ ಎಲ್ಲ ತೋಟದ ಮೂಲೆಯಲ್ಲಿ ಆಳಕ್ಕೆ ಹೂತುಬಿಡಿ, ಇಲ್ಲದಿದ್ದರೆ ರಾತ್ರಿ ನಾಯಿ ಎಳೆದು ತಂದು ಅಂಗಳದಲ್ಲಿ ಹಾಕಿರುತ್ತದೆ. ಒಲೆ ಸಾರಿಸಿ, ಮೀನು ಕೊಯ್ದ ಕಲ್ಲಿಗೆ ಬೂದಿ ಹಾಕಿ ಉಜ್ಜಿ, ಎರಡು ಕೊಡ ನೀರು ಹೊಯ್ಯಿರಿ. ವಾಸನೆ ಉಳಿದರೆ ಮುಂದಿನ ಸಲ ಅವರು ಫೋನ್ ಎತ್ತುವುದಿಲ್ಲ.