ಮಳೆಗಾಲದ ಉಬ್ಬಸ: ಒಳಗೆ ಏನಾಗುತ್ತದೆ, ನೀವೇನು ಮಾಡಬೇಕು

ಬದಿಯಡ್ಕ, ಮಂಜೇಶ್ವರದ ಕಡೆ ಜೂನ್ ಬಂತೆಂದರೆ ಗೋಡೆ, ಹಾಸಿಗೆ, ಅಟ್ಟದ ಅಡಿಕೆ ಗೋಣಿ ಎಲ್ಲದಕ್ಕೂ ಬೂಷ್ಟು. ಅಲರ್ಜಿಯ ಉಬ್ಬಸ ಇರುವವರಿಗೆ ಕಷ್ಟ ಕೊಡುವುದು ಬೂಷ್ಟು, ಧೂಳು ಮಾತ್ರ ಅಲ್ಲ, ಅದನ್ನು ಕಂಡು ನಮ್ಮದೇ ದೇಹ ಹೊರಡಿಸುವ ಸೈಟೊಕೈನ್ ಎಂಬ ಸಂಕೇತ ಪ್ರೋಟೀನ್‌ಗಳೂ ಹೌದು.

ಶ್ವಾಸನಾಳದ ಒಳಪದರ ಟಿಎಸ್‌ಎಲ್‌ಪಿ ಎಂಬ ಸೈಟೊಕೈನ್ ಬಿಟ್ಟು ಮೊದಲ ಕೂಗು ಹಾಕುತ್ತದೆ. ಆಮೇಲೆ ಐಎಲ್ (ಇಂಟರ್‌ಲ್ಯೂಕಿನ್) ಎಂಬ ಸೈಟೊಕೈನ್‌ಗಳ ಸರದಿ: ಐಎಲ್-4 ಅಲರ್ಜಿಗೆ ಕಾರಣವಾಗುವ ಐಜಿಇ ಎಂಬ ಪ್ರತಿಕಾಯ ತಯಾರಾಗುವಂತೆ ಮಾಡುತ್ತದೆ, ಐಎಲ್-5 ಇಯೊಸಿನೊಫಿಲ್ ಎಂಬ ಬಿಳಿ ರಕ್ತಕಣಗಳನ್ನು ಹೆಚ್ಚಿಸುತ್ತದೆ, ಐಎಲ್-13 ಕಫ ಜಾಸ್ತಿ ಮಾಡುತ್ತದೆ.

ಉಬ್ಬಸ ಬಂದಾಗ ಎಳೆದುಕೊಳ್ಳುವ ಸಾಲ್ಬುಟಮಾಲ್ ಇನ್‌ಹೇಲರ್ ಶ್ವಾಸನಾಳದ ಬಿಗಿದ ಸ್ನಾಯುವನ್ನು ಸಡಿಲಿಸುತ್ತದೆ, ಅಷ್ಟೇ. ಒಳಗಿನ ಊತ ಹಾಗೆಯೇ ಇರುತ್ತದೆ. ಅದನ್ನು ಇಳಿಸುವುದು ಸ್ಟೀರಾಯ್ಡ್ ಇನ್‌ಹೇಲರ್. ಡಾಕ್ಟರು ದಿನಾ ತಗೊಳ್ಳಿ ಅಂದಿದ್ದರೆ, ಈಗ ಆರಾಮ ಇದೆ ಅಲ್ವಾ ಅಂತ ದಯವಿಟ್ಟು ನೀವೇ ನಿಲ್ಲಿಸಬೇಡಿ. ಕುಲುಕಿ, ಉಸಿರು ಪೂರ್ತಿ ಬಿಟ್ಟು, ಸ್ಪೇಸರ್ (ಇನ್‌ಹೇಲರ್‌ಗೆ ಜೋಡಿಸುವ ಕೊಳವೆ) ಬಾಯಿಗಿಟ್ಟು ಒಂದು ಸಲ ಒತ್ತಿ ನಿಧಾನ ಎಳೆದುಕೊಳ್ಳಿ, 10 ಸೆಕೆಂಡ್ ಹಿಡಿಯಿರಿ. ಮತ್ತೆ ಬಾಯಿ ಮುಕ್ಕಳಿಸಿ ಉಗಿಯಿರಿ, ಇಲ್ಲದಿದ್ದರೆ ನಾಲಿಗೆ ಮೇಲೆ ಬಿಳಿ ಶಿಲೀಂಧ್ರ ಬರಬಹುದು.

ಇಷ್ಟೆಲ್ಲಾ ಸರಿಯಾಗಿ ಮಾಡಿಯೂ ಪದೇ ಪದೇ ಉಬ್ಬಸ ಜೋರಾದರೆ ಇಯೊಸಿನೊಫಿಲ್, ಐಜಿಇ ರಕ್ತಪರೀಕ್ಷೆಯ ಬಗ್ಗೆ ಕೇಳಿ. ತೀವ್ರ ಉಬ್ಬಸಕ್ಕೆ ಈ ಸಂಕೇತಗಳನ್ನೋ ಐಜಿಇಯನ್ನೋ ತಡೆಯುವ ಇಂಜೆಕ್ಷನ್‌ಗಳಿವೆ: ಒಮಲಿಜುಮ್ಯಾಬ್ ಐಜಿಇಯನ್ನು, ಮೆಪೊಲಿಜುಮ್ಯಾಬ್ ಐಎಲ್-5 ಅನ್ನು, ಡುಪಿಲುಮ್ಯಾಬ್ ಐಎಲ್-4 ಮತ್ತು 13ರ ಕೆಲಸವನ್ನು ತಡೆಯುತ್ತದೆ. ದುಬಾರಿ, ಎಲ್ಲರಿಗೂ ಬೇಕಾಗಿಯೂ ಇಲ್ಲ.

ಹಾಸಿಗೆ ಬಟ್ಟೆ ವಾರಕ್ಕೊಮ್ಮೆ ಬಿಸಿನೀರಲ್ಲಿ ಒಗೆಯಿರಿ. ಅಡಿಕೆ ಸುಲಿಯುವಾಗ ಮಾಸ್ಕ್ ಹಾಕಿ. ಒಂದು ವಾಕ್ಯ ಮುಗಿಸಲೂ ಉಸಿರು ಸಾಲದಿದ್ದರೆ, ತುಟಿ ನೀಲಿಯಾದರೆ, ಕಾಯಬೇಡಿ, ಸಾಲ್ಬುಟಮಾಲ್ ಪಫ್ ತಗೊಳ್ಳುತ್ತಲೇ ಆಸ್ಪತ್ರೆಗೆ ಹೊರಡಿ.